ಜನವರಿ 31ರ ಮುಂದಿನ ತಿಂಗಳು ಯಾವುದು?

ಮಾನ್ಯ ಸಂಪಾದಕರೇ,

ಆ್ಯಪ್‌ಗಳ ಹಂಗಿಲ್ಲದೆ ದಿನಚರಿಯನ್ನು ಸರಳ ಪಠ್ಯದ ಫೈಲ್‌ನಲ್ಲೇ ಬರೆದಿಡುವ ಬಗ್ಗೆ ತಮ್ಮ ತಂತ್ರಜ್ಞಾನ ಪುಟದಲ್ಲಿ ಬಂದ ಲೇಖನಕ್ಕೆ ಇದು ಪ್ರತಿಕ್ರಿಯೆ. ಅನುಕೂಲಗಳನ್ನು ಲೇಖನ ಸರಿಯಾಗಿಯೇ ಹೇಳಿದೆ: ಫೈಲ್ ನಮ್ಮ ಕೈಯಲ್ಲೇ ಇರುತ್ತದೆ, ಯಾವ ಎಡಿಟರ್‌ನಲ್ಲಾದರೂ ತೆರೆಯುತ್ತದೆ, ತಂತ್ರಾಂಶ ಸತ್ತರೂ ಬರೆದದ್ದು ಸಾಯುವುದಿಲ್ಲ. ಆದರೆ ಮತ್ತೆ ಮತ್ತೆ ಬರುವ ಕೆಲಸಗಳ ವಿಷಯಕ್ಕೆ ಬಂದಾಗ ‘ತಾರೀಖಿನ ಪಕ್ಕದಲ್ಲಿ ಒಂದು ಪ್ಲಸ್ ಗುರುತು ಹಾಕಿದರೆ ಮುಗಿಯಿತು’ ಎಂದು ಒಂದೇ ಉಸಿರಿನಲ್ಲಿ ದಾಟಿಬಿಟ್ಟಿದೆ. ತಿಂಗಳ ಕೊನೆಯ ದಿನ ಲೆಕ್ಕ ಮುಗಿಸಲು ನೆನಪಿಸುವ ನಮೂದು ಎಂದು ಅಲ್ಲಿ ಅಚ್ಚಾದ ಸಾಲು ಇದು:

<2026-01-31 ಶನಿ +1ಎಂ>

ಈಮ್ಯಾಕ್ಸ್ ಎಂಬ ಎಡಿಟರ್‌ನ ದಿನಚರಿ ಸೌಲಭ್ಯವಾದ ಆರ್ಗ್ ಮೋಡ್‌ನಲ್ಲಿ ಈ ಕೆಲಸವನ್ನು ‘ಮುಗಿಯಿತು’ ಎಂದು ಗುರುತಿಸಿ ನೋಡಿ. ಮುಂದಿನ ತಾರೀಖು ಫೆಬ್ರವರಿಯಲ್ಲಿ ಬರುವುದಿಲ್ಲ, ಮಾರ್ಚ್ 3ಕ್ಕೆ ಬರುತ್ತದೆ. ಅದರ ಮುಂದಿನದು ಏಪ್ರಿಲ್ 3, ಆಮೇಲೆ ಮೇ 3. ತಿಂಗಳ ಕೊನೆ ಎಂಬುದು ಒಂದೇ ಸುತ್ತಿನಲ್ಲಿ ತಿಂಗಳ ಆರಂಭವಾಗಿ, ಹಾಗೆಯೇ ಉಳಿದುಬಿಡುತ್ತದೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಲೇಖನ ಓದಿ ಆ ಸಾಲನ್ನು ನಕಲು ಮಾಡಿಕೊಂಡವರಿಗೆ ಫೆಬ್ರವರಿಯಲ್ಲಿ ಏನೂ ಕಾಣದಿದ್ದರೆ ತಪ್ಪು ಅವರದಲ್ಲ.

ಮುಂದುವರಿಯುವ ಮುನ್ನ ಒಂದು ಸೂಚನೆ. ಅಚ್ಚಿನ ಅನುಕೂಲಕ್ಕಾಗಿ ಇಲ್ಲಿ ಆದೇಶಗಳನ್ನೂ ಕನ್ನಡ ಲಿಪಿಯಲ್ಲೇ ಬರೆದಿದೆ. ಡಿ ಎಂದರೆ ದಿನ, ಡಬ್ಲ್ಯೂ ಎಂದರೆ ವಾರ, ಎಂ ಎಂದರೆ ತಿಂಗಳು, ವೈ ಎಂದರೆ ವರ್ಷ. ಫೈಲ್‌ನಲ್ಲಿ ಇವು ರೋಮನ್ ಲಿಪಿಯ ಸಣ್ಣಕ್ಷರಗಳಾಗಿಯೇ ಇರಬೇಕು. ಶನಿ, ಭಾನು ಎಂಬ ವಾರದ ಹೆಸರು ಮಾತ್ರ ಕನ್ನಡದಲ್ಲಿದ್ದರೂ ಆರ್ಗ್ ಮೋಡ್‌ಗೆ ತಕರಾರಿಲ್ಲ. ಅದರ ಮಟ್ಟಿಗೆ ವಾರದ ಹೆಸರು ಬರೀ ಅಲಂಕಾರ. ಲೆಕ್ಕ ನಡೆಯುವುದೆಲ್ಲ ಅಂಕಿಗಳ ಮೇಲೆ. ಶನಿವಾರದ ತಾರೀಖಿನ ಮುಂದೆ ಭಾನು ಎಂದು ಬರೆದಿದ್ದರೂ ಅದು ಶನಿವಾರವೇ ತೋರಿಸುತ್ತದೆ. ತಾರೀಖಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ವಾರದ ಹೆಸರು ತಾನೇ ಸರಿಹೋಗುತ್ತದೆ. ವಾರವನ್ನು ನಂಬಿ ಅಂಕಿ ತಪ್ಪಿಸಿಕೊಂಡವರಿಗೆ ಇದು ಮೊದಲ ತಪಾಸಣೆ.

ಸರಳ ಪಠ್ಯದ ದೊಡ್ಡ ಗುಣವೇ ಅದರ ದೊಡ್ಡ ದೋಷ. ಏನು ಬರೆದರೂ ಅದು ಒಪ್ಪಿಕೊಳ್ಳುತ್ತದೆ. ಅರ್ಥವಾಗದ ಸಾಲನ್ನು ತಂತ್ರಾಂಶ ‘ಇದು ಟಿಪ್ಪಣಿಯಿರಬೇಕು’ ಎಂದುಕೊಂಡು ದಾಟಿಹೋಗುತ್ತದೆ. ಆದ್ದರಿಂದ ನಮೂದು ಕಾಣುತ್ತಿಲ್ಲ ಎಂದಾಗ ‘ನಿಯಮ ಸರಿಯಿದೆಯೇ’ ಎಂದು ತಲೆಕೆಡಿಸಿಕೊಳ್ಳುವ ಮೊದಲು ‘ತಂತ್ರಾಂಶಕ್ಕೆ ಈ ಸಾಲು ತಾರೀಖಾಗಿ ಕಂಡಿದೆಯೇ’ ಎಂದು ಕೇಳಬೇಕು. ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಬೇರೆಯವರಿಗಿಲ್ಲದ ಕೆಲವು ಗುಂಡಿಗಳಿವೆ.

ಮೊದಲನೆಯದು ಅಂಕಿ. ಕನ್ನಡ ಕೀಲಿಮಣೆಯಿಂದ ೨೦೨೬-೦೨-೧೪ ಎಂದು ಬರೆದರೆ ನಮಗದು ತಾರೀಖು. 0ಯಿಂದ 9ರವರೆಗಿನ ಅಂಕಿಗಳನ್ನಷ್ಟೇ ಹುಡುಕುವ ತಂತ್ರಾಂಶಕ್ಕೆ ಅದು ಬರೀ ಬರಹ. ಫೈಲ್‌ಗಳಲ್ಲಿ ಪಠ್ಯ ಹುಡುಕುವ ಗ್ರೆಪ್‌ನಲ್ಲಿ ೦ಯಿಂದ ೯ರವರೆಗಿನ ವ್ಯಾಪ್ತಿಯನ್ನು ಚೌಕ ಬ್ರಾಕೆಟ್‌ನಲ್ಲಿ ಕೊಟ್ಟು ಹುಡುಕಿದರೆ ಇಂಥ ಸಾಲುಗಳೆಲ್ಲ ಒಂದೇ ಏಟಿಗೆ ಸಿಗುತ್ತವೆ. ಎರಡನೆಯದು ಅಡ್ಡಗೆರೆ. ಫೋನಿನ ಕೀಲಿಮಣೆ ಸೌಜನ್ಯ ತೋರಿಸಲು ಹೋಗಿ ಸಣ್ಣ ಗೆರೆಯನ್ನು ಉದ್ದ ಮಾಡಿಬಿಡುತ್ತದೆ. 2026–02–14 ಮತ್ತು 2026-02-14 ಅಚ್ಚಿನಲ್ಲಿ ಅಕ್ಕತಂಗಿಯರಂತೆ ಕಂಡರೂ ಮೊದಲನೆಯದು ತಾರೀಖಲ್ಲ. ಪ್ಲಾನರ್ ಬರೆಯುವ ಆ್ಯಪ್‌ನಲ್ಲಿ ಸ್ವಯಂ ತಿದ್ದುಪಡಿಯನ್ನು ಆಫ್ ಮಾಡಿಡುವುದೇ ಕ್ಷೇಮ.

ಮೂರನೆಯದು ಕಣ್ಣಿಗೇ ಕಾಣದ ಅಕ್ಷರ. ‘ಫೈಲ್‌ನಲ್ಲಿ’ ಎಂದು ಬರೆಯುವಾಗ ಲ್ ಮತ್ತು ನ ಸೇರಿ ಒತ್ತಕ್ಷರವಾಗದಂತೆ ನಡುವೆ ಒಂದು ಶೂನ್ಯ ಅಗಲದ ಅಕ್ಷರವನ್ನು ತೂರಿಸಬೇಕಾಗುತ್ತದೆ. ಯೂನಿಕೋಡ್‌ನಲ್ಲಿ ಅದರ ಸಂಕೇತ 200ಸಿ. ಬರಹಕ್ಕೆ ಅದು ಬೇಕೇ ಬೇಕು. ಅದೇ ಅಕ್ಷರ ತಾರೀಖಿನ ಬ್ರಾಕೆಟ್‌ನೊಳಗೆ ನುಸುಳಿದರೆ ತಾರೀಖು ಮುರಿಯಬಹುದು. ಟ್ಯಾಗ್‌ನೊಳಗೆ ಸೇರಿಕೊಂಡರೆ ನೋಡಲು ಒಂದೇ ಥರ ಇರುವ ಎರಡು ಟ್ಯಾಗ್‌ಗಳು ಬೇರೆಬೇರೆಯಾಗಿ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಫೈಲ್‌ನಿಂದ ಅದನ್ನು ಸಾರಾಸಗಟಾಗಿ ಅಳಿಸಲು ಹೋಗಬೇಡಿ, ಕನ್ನಡವೇ ಕೆಡುತ್ತದೆ. ಅನುಮಾನ ಬಂದ ತಾರೀಖನ್ನು ಮಾತ್ರ ಬ್ರಾಕೆಟ್ ಸಮೇತ ಅಳಿಸಿ ಹೊಸದಾಗಿ ಬರೆಯಿರಿ. ಅಳಿಸಿ ಬರೆದಾಗ ‘ತಾನಾಗಿ ಸರಿಹೋಯಿತು’ ಎನ್ನುವ ಎಷ್ಟೋ ರೋಗಗಳ ಮೂಲ ಇಷ್ಟೇ.

ಉಳಿದವು ಯಾವ ಭಾಷೆಯವರಿಗೂ ಇರುವಂಥವು. ಆರ್ಗ್‌ನಲ್ಲಿ ಕೋನದ ಬ್ರಾಕೆಟ್ < > ಇದ್ದ ತಾರೀಖು ಅಜೆಂಡಾದಲ್ಲಿ, ಅಂದರೆ ದಿನವಾರು ಕೆಲಸಗಳ ಪಟ್ಟಿಯಲ್ಲಿ, ಕಾಣುತ್ತದೆ, ಚೌಕ ಬ್ರಾಕೆಟ್ [ ] ಇದ್ದದ್ದು ಕಾಣುವುದಿಲ್ಲ, ಅದು ಉದ್ದೇಶಪೂರ್ವಕ. ತಿರುಗುಮುರುಗಾಗಿ, ಟಿಪ್ಪಣಿಯಲ್ಲಿ ಹಳೆಯ ಸಭೆಯ ತಾರೀಖನ್ನು ಕೋನದ ಬ್ರಾಕೆಟ್‌ನಲ್ಲಿ ಬರೆದರೆ ಅಜೆಂಡಾದಲ್ಲಿ ದೆವ್ವದಂತೆ ಒಂದು ನಮೂದು ಎದ್ದು ನಿಲ್ಲುತ್ತದೆ. ಶೆಡ್ಯೂಲ್ಡ್, ಡೆಡ್‌ಲೈನ್ ಎಂಬ ಸಾಲುಗಳು ಶೀರ್ಷಿಕೆಯ ನೇರ ಕೆಳಗಿನ ಸಾಲಿನಲ್ಲೇ ಇರಬೇಕು. ನಡುವೆ ಒಂದು ಖಾಲಿ ಸಾಲೋ ಟಿಪ್ಪಣಿಯೋ ಬಂದರೆ ಅವು ತಮ್ಮ ವಿಶೇಷ ಅರ್ಥ ಕಳೆದುಕೊಂಡು ಬರೀ ತಾರೀಖಾಗುತ್ತವೆ. ಆರ್ಗ್-ಲಿಂಟ್ ಎಂಬ ಆದೇಶ ಇಂಥ ಸ್ಥಾನಪಲ್ಲಟಗಳನ್ನು ಹುಡುಕಿ ಪಟ್ಟಿ ಕೊಡುತ್ತದೆ. ಶೇಕಡಾ ಚಿಹ್ನೆ ಎರಡು ಸಲ ಬರೆದು ಆರಂಭಿಸುವ ಡೈರಿ ಶೈಲಿಯ ಸಾಲಾದರೆ ಎಡ ಅಂಚಿಗೇ ಅಂಟಿರಬೇಕು. ಅಂದವಾಗಿರಲೆಂದು ಎರಡು ಸ್ಪೇಸ್ ಬಿಟ್ಟರೆ ಸಾಲು ಸತ್ತಂತೆ. ಹಳೆಯ ಬಿಎಸ್‌ಡಿ ಕ್ಯಾಲೆಂಡರ್ ಆದೇಶ ಬಳಸುವವರಿಗೆ ಇದೇ ಬಗೆಯ ಬಲೆ ಬೇರೆ ವೇಷದಲ್ಲಿದೆ: ತಾರೀಖಿಗೂ ವಿಷಯಕ್ಕೂ ನಡುವೆ ಟ್ಯಾಬ್ ಇರಬೇಕು. ಎಂಟು ಸ್ಪೇಸ್ ಹೊಡೆದರೆ ಕಣ್ಣಿಗೆ ಟ್ಯಾಬ್‌ನಂತೆಯೇ ಕಾಣುತ್ತದೆ, ಕೆಲಸಕ್ಕೆ ಬರುವುದಿಲ್ಲ.

ಮತ್ತೆ ಎಲ್ಲಕ್ಕಿಂತ ಸಾಮಾನ್ಯವಾದದ್ದು: ಫೈಲ್ ಅಜೆಂಡಾ ಓದುವ ಫೈಲ್‌ಗಳ ಪಟ್ಟಿಯಲ್ಲೇ ಇರುವುದಿಲ್ಲ. ಹೆಸರು ಬದಲಿಸಿದಾಗ, ಫೋಲ್ಡರ್ ಸರಿಸಿದಾಗ ಹೀಗಾಗುತ್ತದೆ. ನಮೂದು ಎರಡೆರಡು ಸಲ ಕಾಣುತ್ತಿದ್ದರೆ ಕಾರಣ ಇದರ ವಿರುದ್ಧ. ಸಿಂಕ್‌ಥಿಂಗ್‌ನಂಥ ತಂತ್ರಾಂಶ ಎರಡು ಸಾಧನಗಳ ತಿದ್ದುಪಡಿಗಳು ಡಿಕ್ಕಿಯಾದಾಗ ‘ಸಿಂಕ್-ಕಾನ್‌ಫ್ಲಿಕ್ಟ್’ ಎಂಬ ಹೆಸರು ಸೇರಿಸಿ ಇನ್ನೊಂದು ಪ್ರತಿ ಇಡುತ್ತದೆ, ಫೈಲ್‌ನ ವಿಸ್ತರಣೆ ಮಾತ್ರ ಮೊದಲಿನದೇ. ಇಡೀ ಫೋಲ್ಡರನ್ನು ಅಜೆಂಡಾಕ್ಕೆ ಕೊಟ್ಟಿದ್ದರೆ ಆ ಪ್ರತಿಯೂ ಒಳಗೆ ಬಂದು ಕೂರುತ್ತದೆ.

ಸಾಲು ಕಂಡಿದೆ, ಆದರೂ ತಪ್ಪು ದಿನ ಕಾಣುತ್ತಿದೆ ಎಂದಾದರೆ ನಿಯಮಕ್ಕೆ ಬರೋಣ. ‘ಪ್ರತಿ ತಿಂಗಳು’ ಎಂಬ ನಮ್ಮ ಮಾತು ನಿಯಮವೇ ಅಲ್ಲ. ಅದರೊಳಗೆ ಕನಿಷ್ಠ ನಾಲ್ಕು ಬೇರೆ ನಿಯಮಗಳು ಅಡಗಿವೆ: ಇದೇ ತಾರೀಖಿಗೆ, ತಿಂಗಳ ಕೊನೆಯ ದಿನಕ್ಕೆ, ಇಷ್ಟನೆಯ ಇಂಥ ವಾರಕ್ಕೆ, ಕಳೆದ ಸಲ ಮಾಡಿದ ಮೇಲೆ ಒಂದು ತಿಂಗಳಿಗೆ. ಬಾಯಿಮಾತಿನಲ್ಲಿ ಕೇಳುವವರು ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳುತ್ತಾರೆ. ಫೈಲ್ ಮಾಡಿಕೊಳ್ಳುವುದಿಲ್ಲ.

31ರ ಪ್ರಶ್ನೆಗೆ ಬೇರೆಬೇರೆ ತಂತ್ರಾಂಶಗಳ ಉತ್ತರವೂ ಬೇರೆಬೇರೆ. 2003ರಲ್ಲಿ ಕಾರ್ಸ್ಟನ್ ಡೊಮಿನಿಕ್ ಆರಂಭಿಸಿದ ಆರ್ಗ್ ಮೋಡ್ ತಿಂಗಳ ಅಂಕಿಗೆ ಒಂದು ಕೂಡಿಸಿ ‘ಫೆಬ್ರವರಿ 31’ ಎಂದು ಬರೆದುಕೊಂಡು, 28 ದಿನ ಕಳೆದು ಉಳಿದ ಮೂರನ್ನು ಮಾರ್ಚ್‌ಗೆ ಹಾಕುತ್ತದೆ. ಅಧಿಕ ವರ್ಷದಲ್ಲಾದರೆ ಮಾರ್ಚ್ 2. ಕ್ಯಾಲೆಂಡರ್ ವಿನಿಮಯದ ಮಾನದಂಡವಾದ ಐಕ್ಯಾಲೆಂಡರ್, ಅಂದರೆ 2009ರ ಆರ್‌ಎಫ್‌ಸಿ 5545, ಇಲ್ಲದ ತಾರೀಖನ್ನು ಬಿಟ್ಟೇಬಿಡು ಎನ್ನುತ್ತದೆ. ಅಲ್ಲಿ ‘ಪ್ರತಿ ತಿಂಗಳು 31’ ಎಂದರೆ ವರ್ಷಕ್ಕೆ ಏಳೇ ಸಲ. 30 ಎಂದರೆ ಹನ್ನೊಂದು ಸಲ. ಸರಳ ಪಠ್ಯದ ಫೈಲ್ ಓದಿ ನೆನಪಿಸುವ ರಿಮೈಂಡ್ ತಂತ್ರಾಂಶವೂ 31 ಇರುವ ತಿಂಗಳಲ್ಲಷ್ಟೇ ನೆನಪಿಸುತ್ತದೆ. ಈಗ ಆರ್ಗ್‌ನ ಆ ಸಾಲನ್ನು ಐಕ್ಯಾಲೆಂಡರ್‌ಗೆ ರಫ್ತು ಮಾಡಿ ಫೋನಿಗೆ ಹಾಕಿದರೆ ಏನಾಗುತ್ತದೆ? ಕಂಪ್ಯೂಟರ್ ಮಾರ್ಚ್ 3 ಎನ್ನುತ್ತದೆ, ಫೋನು ಮಾರ್ಚ್ 31 ಎನ್ನುತ್ತದೆ. ತಮ್ಮತಮ್ಮ ನಿಯಮದ ಪ್ರಕಾರ ಎರಡೂ ಸರಿ, ಬಳಸುವವರ ಪ್ರಕಾರ ಎರಡೂ ತಪ್ಪು.

ಇದಕ್ಕೆ ಐಕ್ಯಾಲೆಂಡರ್‌ನಲ್ಲಿ ಸರಿಯಾದ ಬರವಣಿಗೆ, ತಿಂಗಳ ದಿನದ ಜಾಗದಲ್ಲಿ ಮೈನಸ್ 1. ಕೊನೆಯಿಂದ ಎಣಿಸಿದ ಮೊದಲ ದಿನ ಎಂದರ್ಥ. ರಿಮೈಂಡ್‌ನಲ್ಲಿ 1ನೇ ತಾರೀಖು ಬರೆದು ಅದರಿಂದ ಒಂದು ದಿನ ಹಿಂದಕ್ಕೆ ಹೋಗಲು ಎರಡು ಮೈನಸ್ ಗೆರೆಯ ಜೊತೆ 1. ಒಂದೇ ಗೆರೆ ಹಾಕಿದರೆ ರಜೆಯೆಂದು ಘೋಷಿಸಿದ ದಿನಗಳನ್ನು ಹಾರಿ ಹಿಂದಕ್ಕೆ ಎಣಿಸುತ್ತದೆ. ಶನಿವಾರ, ಭಾನುವಾರಗಳನ್ನು ಓಮಿಟ್ ಎಂಬ ಆ ರಜೆಪಟ್ಟಿಗೆ ಸೇರಿಸಿದ್ದರೆ ಅದು ಸಿಗಿಸಿಕೊಡುವುದು ತಿಂಗಳ ಕೊನೆಯ ಕೆಲಸದ ದಿನವನ್ನು. ಒಂದು ಗೆರೆಯ ವ್ಯತ್ಯಾಸ, ಕೆಲವೊಮ್ಮೆ ಎರಡು ದಿನದ ಅಂತರ. ಓಮಿಟ್ ಬಗ್ಗೆಯೇ ಇನ್ನೊಂದು ಮಾತು: ಅದು ಎಣಿಕೆಯನ್ನು ಬದಲಿಸುತ್ತದೆಯೇ ಹೊರತು ಆ ದಿನ ಬಿದ್ದ ನೆನಪೋಲೆಯನ್ನು ತಡೆಯುವುದಿಲ್ಲ. ತಡೆಯಲು ಸ್ಕಿಪ್, ಹಿಂದಿನ ದಿನಕ್ಕೆ ಸರಿಸಲು ಬಿಫೋರ್, ಮುಂದಿನ ದಿನಕ್ಕೆ ಸರಿಸಲು ಆಫ್ಟರ್ ಎಂದು ಬೇರೆಯಾಗಿಯೇ ಬರೆಯಬೇಕು. ‘ರಜೆ ಎಂದು ಬರೆದರೂ ಬಡಿದುಕೊಳ್ಳುತ್ತಿದೆ’ ಎಂಬ ದೂರಿಗೆ ಇದೇ ಉತ್ತರ.

ಫೆಬ್ರವರಿ 29ರ ವಾರ್ಷಿಕ ನಮೂದೂ ಇದೇ ಕುಟುಂಬದ್ದು. 2028-02-29ಕ್ಕೆ +1ವೈ ಹಾಕಿ ಮುಗಿಸಿದರೆ ಅದು 2029ರ ಮಾರ್ಚ್ 1ಕ್ಕೆ ಹೋಗುತ್ತದೆ, ಮುಂದಿನ ಅಧಿಕ ವರ್ಷ ಬಂದರೂ 29ಕ್ಕೆ ಮರಳುವುದಿಲ್ಲ. ಹುಟ್ಟುಹಬ್ಬ, ವಾರ್ಷಿಕೋತ್ಸವಗಳಿಗೆ ರಿಪೀಟರ್, ಅಂದರೆ ಈ ಪ್ಲಸ್ ಗುರುತು, ಬಳಸದೆ ಆರ್ಗ್-ಆ್ಯನಿವರ್ಸರಿ ಎಂಬ ಸೂತ್ರ ಬಳಸುವುದು ಒಳ್ಳೆಯದು. ವರ್ಷ, ತಿಂಗಳು, ದಿನ ಇದೇ ಕ್ರಮದಲ್ಲಿ ಬರೆದರೆ ಮೂಲ ತಾರೀಖು ಹಾಗೇ ಉಳಿಯುತ್ತದೆ. ಸಾಮಾನ್ಯ ವರ್ಷದಲ್ಲಿ ಮಾರ್ಚ್ 1ಕ್ಕೂ ಅಧಿಕ ವರ್ಷದಲ್ಲಿ 29ಕ್ಕೂ ತೋರಿಸುತ್ತದೆ. ಈಮ್ಯಾಕ್ಸ್‌ನ ಹಳೆಯ ಡೈರಿ-ಆ್ಯನಿವರ್ಸರಿಯೂ ಇದನ್ನೇ ಮಾಡುತ್ತದೆ, ಆದರೆ ಅದರ ಅಂಕಿಗಳ ಕ್ರಮ ಕ್ಯಾಲೆಂಡರ್‌ನ ದಿನಾಂಕ ಶೈಲಿಗೆ ತಕ್ಕಂತೆ ಬದಲಾಗುತ್ತದೆ. ಬೇರೆಯವರ ಫೈಲ್‌ನಿಂದ ನಕಲು ಮಾಡಿದ ಸಾಲು ನಮ್ಮಲ್ಲಿ ತಿಂಗಳನ್ನೂ ದಿನವನ್ನೂ ಅದಲುಬದಲು ಮಾಡುವುದು ಹೀಗೆ.

ಈಗ ಪ್ಲಸ್ ಗುರುತಿಗೇ ಬರೋಣ. ಆರ್ಗ್‌ನಲ್ಲಿ ಅದು ಒಂದಲ್ಲ, ಮೂರು. ಒಂದೇ ಉದಾಹರಣೆಯಲ್ಲಿ ನೋಡಬಹುದು. 2026ರ ಫೆಬ್ರವರಿ 14, ಶನಿವಾರ ಮಾಡಬೇಕಿದ್ದ ವಾರದ ಕೆಲಸವೊಂದನ್ನು ಮರೆತು ಮಾರ್ಚ್ 3, ಮಂಗಳವಾರ ಮುಗಿಸಿದಿರಿ ಎನ್ನಿ. +1ಡಬ್ಲ್ಯೂ ಬರೆದಿದ್ದರೆ ಮುಂದಿನ ತಾರೀಖು ಫೆಬ್ರವರಿ 21, ಅಂದರೆ ಈಗಾಗಲೇ ಕಳೆದುಹೋದ ದಿನ. ++1ಡಬ್ಲ್ಯೂ ಆದರೆ ಮಾರ್ಚ್ 7, ಅಂದರೆ ಮುಂದೆ ಬರುವ ಶನಿವಾರ. .+1ಡಬ್ಲ್ಯೂ, ಅಂದರೆ ಪ್ಲಸ್‌ನ ಮುಂದೆ ಒಂದು ಚುಕ್ಕೆ, ಆದರೆ ಮಾರ್ಚ್ 10, ಮಂಗಳವಾರ.

ಮೂರಕ್ಕೂ ಅವುಗಳದ್ದೇ ಕೆಲಸವಿದೆ. ಪ್ರತಿ ಕಂತನ್ನೂ ಕಟ್ಟಲೇಬೇಕಾದಲ್ಲಿ ಒಂದು ಪ್ಲಸ್. ತಪ್ಪಿದ ಕಂತು ಒಂದೊಂದೂ ಎದುರಿಗೆ ಬಂದು ನಿಲ್ಲಬೇಕು, ಅದು ಉಪದ್ರವವಲ್ಲ, ಉಪಕಾರ. ಶನಿವಾರವೇ ಆಗಬೇಕಾದ, ಆದರೆ ತಪ್ಪಿದ್ದು ತಪ್ಪಿತು ಎನ್ನಬಹುದಾದ ಕೆಲಸಕ್ಕೆ ಎರಡು ಪ್ಲಸ್. ಫಿಲ್ಟರ್ ಬದಲಿಸುವುದು, ಬ್ಯಾಕಪ್ ತೆಗೆಯುವುದು ಮುಂತಾದ, ಹಿಂದಿನ ಸಲದಿಂದ ಅಂತರ ಎಣಿಸಬೇಕಾದ ಕೆಲಸಗಳಿಗೆ ಚುಕ್ಕೆಯ ಪ್ಲಸ್. ‘ವಾರದ ದಿನ ಓಡಾಡುತ್ತಿದೆ’ ಎಂಬ ದೂರು ಬಂದರೆ ಚುಕ್ಕೆ ಎಲ್ಲೋ ಸೇರಿಕೊಂಡಿದೆ ಎಂದು ತಿಳಿಯಿರಿ. ‘ಮುಗಿಸಿದಷ್ಟೂ ಹಳೆಯ ತಾರೀಖೇ ಬರುತ್ತಿದೆ’ ಎಂದರೆ ಒಂದು ಪ್ಲಸ್ ಕಡಿಮೆಯಾಗಿದೆ. ಬಹಳ ಕಾಲ ಮುಟ್ಟದ ದಿನನಿತ್ಯದ ಕೆಲಸಕ್ಕೆ ಎರಡು ಪ್ಲಸ್ ಇದ್ದಾಗ, ಹತ್ತು ಹೆಜ್ಜೆ ಸರಿಸಿದರೂ ಇವತ್ತನ್ನು ದಾಟಲಿಲ್ಲ, ಮುಂದುವರಿಸಲೇ ಎಂದು ಆರ್ಗ್ ಕೇಳುತ್ತದೆ. ಗಾಬರಿ ಬೇಡ, ಹೌದು ಎನ್ನಿ.

ಸಾಲಿಗೊಂದು ಕೆಲಸ ಬರೆಯುವ ಟುಡೂ.ಟಿಎಕ್ಸ್‌ಟಿ ಶೈಲಿ ಬಳಸುವವರು ಗಮನಿಸಬೇಕಾದದ್ದು: ಮೂಲ ವಿನ್ಯಾಸದಲ್ಲಿ ಮರುಕಳಿಕೆಯೇ ಇಲ್ಲ. ‘ಆರ್‌ಇಸಿ’ ಎಂಬುದು ಕೆಲವು ಆ್ಯಪ್‌ಗಳು ಸೇರಿಸಿಕೊಂಡ ವಿಸ್ತರಣೆ. ಅಲ್ಲಿ ಪ್ಲಸ್ ಇಲ್ಲದಿದ್ದರೆ ಮುಗಿಸಿದ ದಿನದಿಂದ, ಪ್ಲಸ್ ಇದ್ದರೆ ಗಡುವಿನ ದಿನದಿಂದ ಎಣಿಕೆ. ಆ ವಿಸ್ತರಣೆ ಗೊತ್ತಿಲ್ಲದ ಆ್ಯಪ್‌ನಲ್ಲಿ ಕೆಲಸ ಮುಗಿಸಿದರೆ ಅದು ಮುಗಿದೇ ಹೋಗುತ್ತದೆ, ಮರಳಿ ಬರುವುದಿಲ್ಲ. ಒಂದೇ ಫೈಲನ್ನು ಎರಡು ಆ್ಯಪ್‌ಗಳಲ್ಲಿ ತೆರೆಯುವವರು ಮರುಕಳಿಕೆಯನ್ನು ಒಂದರಲ್ಲೇ ಮುಗಿಸುವ ಶಿಸ್ತು ಇಟ್ಟುಕೊಳ್ಳಬೇಕು.

ಆರ್ಗ್‌ನಲ್ಲಿ ಮರುಕಳಿಸುವ ಕೆಲಸವನ್ನು ಮುಗಿಸಿದ ತಕ್ಷಣ ಅದು ಮತ್ತೆ ‘ಟುಡೂ’ ಆಗಿಯೇ ಕಾಣುತ್ತದೆ, ತಾರೀಖಷ್ಟೇ ಮುಂದೆ ಹೋಗಿರುತ್ತದೆ. ಗುರುತು ಬೀಳಲಿಲ್ಲವೆಂದುಕೊಂಡು ಎರಡನೇ ಸಲ ಒತ್ತಿದವರು ಒಂದು ಸುತ್ತನ್ನೇ ನುಂಗಿಹಾಕಿರುತ್ತಾರೆ. ಕೆಲಸವನ್ನು ಶಾಶ್ವತವಾಗಿ ಮುಗಿಸಬೇಕಾದರೆ ಆದೇಶಕ್ಕೆ ಮೊದಲು ಮೈನಸ್ 1 ಎಂಬ ಪೂರ್ವಾಂಕ ಕೊಟ್ಟು ಗುರುತಿಸಬೇಕು. ಅದು ನೆನಪಾಗದಿದ್ದರೆ ರಿಪೀಟರನ್ನು ಅಳಿಸಿ ಆಮೇಲೆ ಮುಗಿಸಿ, ಫಲ ಒಂದೇ. ಒಳಗಿನ ಚೆಕ್‌ಬಾಕ್ಸ್‌ಗಳು ಹೊಸ ಸುತ್ತಿಗೆ ತಾವಾಗಿ ಖಾಲಿಯಾಗುವುದಿಲ್ಲ ಎಂಬುದೂ ನೆನಪಿರಲಿ. ಟಿಪ್ಪಣಿಯೊಳಗೆ ಕೋನದ ಬ್ರಾಕೆಟ್‌ನಲ್ಲಿ ರಿಪೀಟರ್ ಸಹಿತ ತಾರೀಖು ಬರೆದಿದ್ದರೆ, ಕೆಲಸ ಮುಗಿಸಿದಾಗ ಅದೂ ಜೊತೆಗೇ ಜಾರುತ್ತದೆ.

ಇನ್ನೊಂದು ಗೊಂದಲ ರಿಪೀಟರ್‌ನದ್ದೇ ಅಲ್ಲ, ಆದರೆ ಅದರ ಹೆಸರಿನಲ್ಲಿ ಬರುತ್ತದೆ. ವಾರದ ಸಭೆಯನ್ನು ಶೆಡ್ಯೂಲ್ಡ್ ಎಂದು ಬರೆದರೆ, ಸಭೆ ಕಳೆದ ಮೇಲೂ ‘ಇಷ್ಟು ದಿನ ತಡ’ ಎಂದು ದಿನವೂ ಕಾಣುತ್ತಲೇ ಇರುತ್ತದೆ. ಶೆಡ್ಯೂಲ್ಡ್ ಎಂದರೆ ಆ ದಿನ ಕೈಗೆತ್ತಿಕೊಳ್ಳಬೇಕಾದ ಕೆಲಸ, ಮುಗಿಯುವವರೆಗೂ ಬಿಡುವುದಿಲ್ಲ. ಸಭೆಗೆ ಬರೀ ಕೋನದ ಬ್ರಾಕೆಟ್‌ನ ತಾರೀಖು, ಟುಡೂ ಪದವೂ ಬೇಡ. ಡೆಡ್‌ಲೈನ್ ಆದರೆ ತಾನಾಗಿಯೇ 14 ದಿನ ಮುಂಚೆ ಎಚ್ಚರಿಸಲು ಶುರು ಮಾಡುತ್ತದೆ. ವಾರಕ್ಕೊಮ್ಮೆ ಬರುವ ಗಡುವಿಗೆ 14 ದಿನದ ಮುನ್ನೆಚ್ಚರಿಕೆ ಎಂದರೆ ಅಜೆಂಡಾದಿಂದ ಅದು ಇಳಿಯುವುದೇ ಇಲ್ಲ. ತಾರೀಖಿನ ಕೊನೆಗೆ -2ಡಿ ಎಂದು ಸೇರಿಸಿದರೆ ಎರಡೇ ದಿನ ಮೊದಲು ಎಚ್ಚರಿಸುತ್ತದೆ.

ಎರಡನೇ ಶನಿವಾರ, ಕೊನೆಯ ಶುಕ್ರವಾರ ಇಂಥವನ್ನು ರಿಪೀಟರ್‌ನಲ್ಲಿ ಬರೆಯಲು ಬರುವುದೇ ಇಲ್ಲ. +4ಡಬ್ಲ್ಯೂ ಹಾಕಿ ಸಮಾಧಾನಪಟ್ಟುಕೊಳ್ಳುವವರು ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಸಲ ಕರೆಸಿಕೊಳ್ಳುತ್ತಾರೆ. ಐದು ಶನಿವಾರದ ತಿಂಗಳು ದಾಟಿದೊಡನೆ ಎರಡನೆಯದು ಮೊದಲನೆಯದಾಗಿರುತ್ತದೆ. ಯಾವುದೇ ವಾರದ ದಿನ ವರ್ಷಕ್ಕೆ 52 ಅಥವಾ 53 ಸಲ ಬರುತ್ತದೆ, ಹನ್ನೆರಡು ನಾಲ್ಕಲಿ 48. ಹಾಗಾಗಿ ಅಂಥ ತಿಂಗಳುಗಳು ವರ್ಷಕ್ಕೆ ನಾಲ್ಕೋ ಐದೋ ಇದ್ದೇ ಇರುತ್ತವೆ. ಇಲ್ಲಿ ಬೇಕಾದದ್ದು ಡೈರಿ ಸೂತ್ರ:

%%(ಡೈರಿ-ಫ್ಲೋಟ್ ಟಿ 6 2)

ಟಿ ಎಂದರೆ ಎಲ್ಲ ತಿಂಗಳು, 6 ಎಂದರೆ ಶನಿವಾರ, 2 ಎಂದರೆ ಎರಡನೆಯದು. ಕೊನೆಯದು ಬೇಕಾದರೆ 2ರ ಜಾಗದಲ್ಲಿ -1. ನಾಲ್ಕನೆಯದೂ ಕೊನೆಯದೂ ಒಂದೇ ಎಂದು 4 ಬರೆದವರು ಐದು ಶನಿವಾರದ ತಿಂಗಳಲ್ಲಿ ಒಂದು ವಾರ ಮೊದಲೇ ಹೋಗಿ ನಿಲ್ಲುತ್ತಾರೆ. ವಾರದ ಅಂಕಿಯಲ್ಲೂ ಎಚ್ಚರ: ಶನಿವಾರ ಇಲ್ಲೂ, ಸೋಮವಾರದಿಂದ ಎಣಿಸುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ ಪದ್ಧತಿಯಲ್ಲೂ 6, ಆದರೆ ಭಾನುವಾರ ಇಲ್ಲಿ 0, ಅಲ್ಲಿ 7. ಈ ಸೂತ್ರಗಳಿಗೆ ಒಂದು ಮಿತಿ ಇದೆ. ಇವನ್ನು ‘ಮುಗಿಯಿತು’ ಎಂದು ಗುರುತಿಸಿ ಮುಂದೆ ಸರಿಸಲು ಆಗದು; ಗುರುತಿಸಿದರೆ ಶಾಶ್ವತವಾಗಿ ಮುಗಿಯುತ್ತದೆ. ಸಭೆ, ತರಗತಿಗೆ ಸರಿ, ಹಾಜರಿ ಹಾಕಬೇಕಾದ ಕೆಲಸಕ್ಕೆ ಅಲ್ಲ.

ರಿಮೈಂಡ್‌ನಲ್ಲಿ ಇದು ಇನ್ನೂ ಸೊಗಸು. ಶನಿವಾರ ಮತ್ತು 8 ಎಂದು ಜೊತೆಗೆ ಬರೆದರೆ ‘8ರಂದು ಅಥವಾ ಅದರ ನಂತರ ಬರುವ ಮೊದಲ ಶನಿವಾರ’ ಎಂದರ್ಥ. ಎರಡನೇ ಶನಿವಾರ 8ರಿಂದ 14ರೊಳಗೇ ಬೀಳಬೇಕಲ್ಲ, ಅಷ್ಟೇ ಸಾಕು. ಆದರೆ ಇದೇ ಬುದ್ಧಿವಂತಿಕೆಯನ್ನು, ಹೇಳಿದ ಹೊತ್ತಿಗೆ ಆದೇಶ ನಡೆಸುವ ಕ್ರಾನ್‌ಗೆ ಒಯ್ದರೆ ಕೆಟ್ಟಿರಿ. ತಿಂಗಳ ದಿನದ ಜಾಗದಲ್ಲಿ 8-14, ವಾರದ ದಿನದ ಜಾಗದಲ್ಲಿ 6 ಬರೆದರೆ ಕ್ರಾನ್ ಅವೆರಡನ್ನು ‘ಮತ್ತು’ ಎಂದು ಓದುವುದಿಲ್ಲ, ‘ಅಥವಾ’ ಎಂದು ಓದುತ್ತದೆ. 8ರಿಂದ 14ರವರೆಗೆ ಪ್ರತಿದಿನ, ಜೊತೆಗೆ ಎಲ್ಲ ಶನಿವಾರವೂ ನೆನಪೋಲೆ ಬರುತ್ತದೆ. ವಾರದ ದಿನದ ಜಾಗಕ್ಕೆ ನಕ್ಷತ್ರ ಹಾಕಿ, ಆದೇಶದೊಳಗೇ ಡೇಟ್ ಆದೇಶದಿಂದ ಇವತ್ತು ಶನಿವಾರವೇ ಎಂದು ಪರೀಕ್ಷಿಸಬೇಕು. ಆಗ ಬಳಸುವ ಶೇಕಡಾ ಚಿಹ್ನೆಯ ಹಿಂದೆ ಓರೆಗೆರೆ \ ಇಡಲು ಮರೆಯಬೇಡಿ. ಇಲ್ಲದಿದ್ದರೆ ಕ್ರಾನ್ ಅದನ್ನು ಹೊಸ ಸಾಲು ಎಂದುಕೊಂಡು ಆದೇಶವನ್ನು ಅಲ್ಲಿಗೇ ಕತ್ತರಿಸುತ್ತದೆ.

‘ಮೊದಲ ಶುಕ್ರವಾರದ ಮರುದಿನ’ ಮತ್ತು ‘ಮೊದಲ ಶನಿವಾರ’ ಒಂದೇ ಎಂದು ಯಾರಾದರೂ ಹೇಳಿದರೆ 2026ರ ಆಗಸ್ಟ್ ತೋರಿಸಿ. ಆ ತಿಂಗಳ 1ನೇ ತಾರೀಖೇ ಶನಿವಾರ. ಮೊದಲ ಶುಕ್ರವಾರ 7, ಅದರ ಮರುದಿನ 8, ಅಂದರೆ ಎರಡನೇ ಶನಿವಾರ.

ವಾರ ಬಿಟ್ಟು ವಾರದ ಕೆಲಸವನ್ನು ‘ಬೆಸ ಸಂಖ್ಯೆಯ ವಾರ’ ಎಂದು ಬರೆಯುವವರಿಗೆ 2026ರ ಕೊನೆ ಪೆಟ್ಟು ಕೊಡಲಿದೆ. ಐಎಸ್‌ಒ ಎಣಿಕೆಯಲ್ಲಿ ಆ ವರ್ಷಕ್ಕೆ 53 ವಾರ. ಡಿಸೆಂಬರ್ 28ಕ್ಕೆ ಆರಂಭವಾಗುವುದು 53ನೇ ವಾರ, 2027ರ ಜನವರಿ 4ಕ್ಕೆ ಆರಂಭವಾಗುವುದು 1ನೇ ವಾರ. ಬೆಸದ ಬೆನ್ನಿಗೇ ಬೆಸ. ಎರಡು ವಾರ ಸತತವಾಗಿ ಅದೇ ಕೆಲಸ, ಆಮೇಲೆ ವರ್ಷವಿಡೀ ಸರದಿ ತಲೆಕೆಳಗು. ವಾರದ ಸಂಖ್ಯೆಯ ಗೊಡವೆಗೆ ಹೋಗದೆ ಒಂದು ಆರಂಭದ ತಾರೀಖು ಕೊಟ್ಟು 14 ದಿನ ಎಣಿಸುವುದೇ ಸರಿ. ಆರ್ಗ್‌ನಲ್ಲಿ +2ಡಬ್ಲ್ಯೂ. ರಿಮೈಂಡ್‌ನಲ್ಲಿ *14, ಆದರೆ ಅದಕ್ಕೆ ವರ್ಷ, ತಿಂಗಳು, ದಿನ ಮೂರೂ ಇರುವ ಪೂರ್ಣ ತಾರೀಖು ಬೇಕು. ವರ್ಷ ಬಿಟ್ಟರೆ ಎಲ್ಲಿಂದ ಎಣಿಸಬೇಕೆಂದು ಅದಕ್ಕೆ ತಿಳಿಯದು.

ಕೊನೆಯಿಲ್ಲದ ರಿಪೀಟರ್ ಆರ್ಗ್‌ನ ಇನ್ನೊಂದು ಕೊರತೆ. ‘ಇಂಥ ದಿನದವರೆಗೆ’ ಎಂದಾಗಲಿ ‘ಈ ಒಂದು ವಾರ ಬಿಟ್ಟು’ ಎಂದಾಗಲಿ ಅದರಲ್ಲಿ ಹೇಳಲಾಗದು. ಹತ್ತು ವಾರದ ತರಗತಿಗೆ ರಿಪೀಟರ್ ಹಾಕಿ ಹನ್ನೊಂದನೇ ವಾರ ಅಳಿಸುವುದಕ್ಕಿಂತ, ಕಾಲ ಸರಿಸಿ ಪ್ರತಿ ಮಾಡುವ ಆದೇಶದಿಂದ, ಅಂದರೆ ಕಂಟ್ರೋಲ್-ಸಿ, ಕಂಟ್ರೋಲ್-ಎಕ್ಸ್, ಸಿ ಒತ್ತಿ, ಪ್ರತಿಗಳ ಸಂಖ್ಯೆ ಮತ್ತು +1ಡಬ್ಲ್ಯೂ ಕೊಟ್ಟು ಬಿಡಿಬಿಡಿ ನಮೂದುಗಳನ್ನೇ ಮಾಡಿಕೊಳ್ಳುವುದು ಜಾಣತನ. ಪ್ರತಿ ತರಗತಿಯ ಟಿಪ್ಪಣಿಗೆ ಅದರದೇ ಜಾಗ ಸಿಗುತ್ತದೆ, ರದ್ದಾದದ್ದನ್ನು ಅಳಿಸಿದರಾಯಿತು. ಫೈಲ್ ಉದ್ದವಾಗುತ್ತದೆ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲ; ಸರಳ ಪಠ್ಯದಲ್ಲಿ ಹತ್ತು ಸಾಲು ಯಾವ ಭಾರ?

ಐಕ್ಯಾಲೆಂಡರ್‌ನಲ್ಲಿ ಈ ಸೌಕರ್ಯಗಳಿವೆ, ಅವುಗಳದೇ ಬಲೆಗಳೂ ಇವೆ. ಎಣಿಕೆಯ ಮಿತಿ ಕೌಂಟ್ ಮತ್ತು ತಾರೀಖಿನ ಮಿತಿ ಅಂಟಿಲ್, ಎರಡನ್ನೂ ಒಂದೇ ನಿಯಮದಲ್ಲಿ ಬರೆಯುವಂತಿಲ್ಲ. ಕೌಂಟ್‌ಗೆ ಮೊದಲ ದಿನವೂ ಸೇರಿಯೇ ಲೆಕ್ಕ. ಆರಂಭಕ್ಕೆ ಸ್ಥಳೀಯ ಸಮಯವಲಯ ಹೇಳಿದ್ದರೆ ಅಂಟಿಲ್ ಮಾತ್ರ ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ, ಇರಬೇಕು. ಕೊನೆಯ ದಿನದ ಮಧ್ಯರಾತ್ರಿಯನ್ನೇ ಅಂಟಿಲ್ ಎಂದು ಬರೆದು, ಅದೇ ದಿನ ತಡವಾಗಿ ಇರುವ ಕೊನೆಯ ಸಭೆಯನ್ನು ಕಳೆದುಕೊಳ್ಳುವುದು ಸಾಮಾನ್ಯ ತಪ್ಪು. ಒಂದು ದಿನವನ್ನು ಬಿಡಲು ಬರೆಯುವ ಎಕ್ಸ್‌ಡೇಟ್ ಮೂಲ ನಮೂದಿನ ಗಂಟೆ, ನಿಮಿಷಕ್ಕೂ ಹೊಂದಬೇಕು. ಬರೀ ತಾರೀಖು ಬರೆದರೆ ಸಮಯವಿರುವ ಸಭೆ ರದ್ದಾಗುವುದಿಲ್ಲ.

ಫೋನಿನಲ್ಲಿ ನಮೂದುಗಳು ರಫ್ತು ಮಾಡಿದ ಪ್ರತಿ ಸಲವೂ ಇಮ್ಮಡಿಯಾಗುತ್ತಿದ್ದರೆ ಯುಐಡಿ ನೋಡಿ. ಗುರುತಿನ ಸಂಖ್ಯೆಯನ್ನು ಫೈಲ್‌ನಲ್ಲೇ ಉಳಿಸಿಕೊಳ್ಳುವ ಆರ್ಗ್-ಐಕ್ಯಾಲೆಂಡರ್-ಸ್ಟೋರ್-ಯುಐಡಿ ಎಂಬ ಆಯ್ಕೆ ಮೂಲತಃ ಆಫ್ ಆಗಿಯೇ ಇರುತ್ತದೆ. ಹಾಗಿರುವಾಗ ಪ್ರತಿ ರಫ್ತಿನಲ್ಲೂ ಹೊಸ ಸಂಖ್ಯೆ, ಫೋನಿಗೆ ಪ್ರತಿಯೊಂದೂ ಹೊಸ ನಮೂದು.

ಕನ್ನಡ ಶೀರ್ಷಿಕೆ ನಡುವೆ ಚೌಕ, ಪ್ರಶ್ನಾರ್ಥಕಗಳಾಗಿ ಒಡೆದರೆ ಅದಕ್ಕೂ ಕಾರಣವಿದೆ. ಐಕ್ಯಾಲೆಂಡರ್‌ನ ಸಾಲು 75 ಬೈಟ್ ಮೀರಬಾರದು, ಮೀರಿದರೆ ಮಡಚಬೇಕು. ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ‘ಕ್ಷೇ’ ಎಂಬ ಒಂದೇ ಅಕ್ಷರದೊಳಗೆ ಕ, ಹಲಂತ, ಷ, ಏಕಾರ ಎಂದು ನಾಲ್ಕು ಸಂಕೇತ, 12 ಬೈಟ್. ಇಂಗ್ಲಿಷ್‌ನಲ್ಲಿ 75 ಅಕ್ಷರ ಹಿಡಿಸುವ ಸಾಲಿನಲ್ಲಿ ‘ಕ್ಷೇ’ ಆರೇ ಹಿಡಿಸುತ್ತದೆ. ಬೈಟ್ ಎಣಿಸಿ ಕಣ್ಣುಮುಚ್ಚಿ ಮಡಚುವ ಸ್ಕ್ರಿಪ್ಟ್ ಒಂದು ಸಂಕೇತದ ನಡುವೆಯೇ ಕತ್ತರಿ ಹಾಕಬಹುದು. ಶೀರ್ಷಿಕೆಯನ್ನು ಎರಡು ಪದಕ್ಕೆ ಇಳಿಸಿ ರಫ್ತು ಮಾಡಿ. ಆಗ ಸರಿಹೋದರೆ ರೋಗ ಮಡಚುವುದರಲ್ಲೇ ಇದೆ.

ಹುಡುಕುವ ವಿಧಾನ ಬಲು ಸುಲಭ. ಕೆಟ್ಟ ನಮೂದೊಂದನ್ನೇ ಹೊಸ ಫೈಲ್‌ಗೆ ನಕಲು ಮಾಡಿ. ಈಮ್ಯಾಕ್ಸನ್ನು ಮೈನಸ್ ಕ್ಯೂ ಆಯ್ಕೆಯೊಡನೆ ತೆರೆದರೆ ನಿಮ್ಮ ಸ್ವಂತ ಹೊಂದಿಕೆಗಳು ಯಾವುವೂ ಬರುವುದಿಲ್ಲ. ಅಜೆಂಡಾದ ಆರಂಭದ ಪಟ್ಟಿಯಲ್ಲಿ < ಒತ್ತಿ ಆ ಫೈಲ್‌ಗಷ್ಟೇ ಸೀಮಿತಗೊಳಿಸಿ, ಒಳಗೆ ಹೋದ ಮೇಲೆ ಜೆ ಒತ್ತಿ ಬೇಕಾದ ತಾರೀಖಿಗೆ ಜಿಗಿಯಿರಿ. ಇಲ್ಲಿ ಸರಿಯಾಗಿ ಕಂಡರೆ ತಪ್ಪು ಹೊಂದಿಕೆಯಲ್ಲಿದೆ. ಇಲ್ಲೂ ಕೆಟ್ಟರೆ ಸಾಲಿನಲ್ಲಿದೆ. ಜಿಗಿದು ನೋಡಬೇಕಾದ ತಾರೀಖುಗಳು ಮುಂದಿನ ವಾರದವಲ್ಲ. ಫೆಬ್ರವರಿ ಕೊನೆ, ಐದು ಶನಿವಾರದ ಒಂದು ತಿಂಗಳು, ಡಿಸೆಂಬರ್‌ನಿಂದ ಜನವರಿಗೆ ದಾಟುವ ವಾರ, 2028ರ ಫೆಬ್ರವರಿ 29. ಅಜೆಂಡಾ ನೋಡಿ ಸುಮ್ಮನಾಗದೆ, ಪ್ರಯೋಗದ ಪ್ರತಿಯಲ್ಲಿ ಮೂರು ಸಲ ‘ಮುಗಿಯಿತು’ ಎಂದು ಗುರುತಿಸಿ ತಾರೀಖು ಎಲ್ಲೆಲ್ಲಿ ಹೋಗಿ ನಿಲ್ಲುತ್ತದೆ ಎಂದೂ ನೋಡಬೇಕು.

ಲೇಖನದ ಆ ಸಾಲಿಗೆ ತಿದ್ದುಪಡಿ ಹಾಕುವುದಾದರೆ ದಯವಿಟ್ಟು ಹೀಗೆ ಅಚ್ಚು ಮಾಡಿ:

ಡೆಡ್‌ಲೈನ್: <2026-02-01 ಭಾನು +1ಎಂ -1ಡಿ>

1ನೇ ತಾರೀಖು ಇಲ್ಲದ ತಿಂಗಳಿಲ್ಲ. ಆದ್ದರಿಂದ ಗಡುವು ಎಂದೂ ಜಾರದು, ಅದರ ಒಂದು ದಿನ ಮುಂಚಿನ ಎಚ್ಚರಿಕೆ 28 ಇರಲಿ, 29, 30, 31 ಇರಲಿ, ತಿಂಗಳ ಕೊನೆಯ ದಿನವೇ ಬರುತ್ತದೆ. ಆದರೆ ಅದನ್ನು ಶೀರ್ಷಿಕೆಯ ನೇರ ಕೆಳಗಿನ ಸಾಲಿನಲ್ಲೇ ಬರೆಯಬೇಕು, ಡೆಡ್‌ಲೈನ್ ಎಂಬ ಪದ ರೋಮನ್ ದೊಡ್ಡಕ್ಷರಗಳಲ್ಲಿರಬೇಕು.

ಇಂತಿ,
ಸರಳ ಪಠ್ಯದ ಬಳಕೆದಾರರು